ಅಳಿವೆ ದಾಟದ ದೋಣಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದೋಣಿಯವನು ಠಾಣೆಯೊಳಗೆ ಬಂದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಸಿಟ್ಟು ನೆತ್ತಿಗೇರಿತ್ತು. ಕೈಯಲ್ಲಿ ಕೆಂಪು ಪೆಟ್ರೋಲ್ ಟ್ಯಾಂಕು. ಅದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೇ ಇಡುವವನಿದ್ದ. ಹೆಡ್ ಕಾನ್‌ಸ್ಟೇಬಲ್ ಅಡ್ಡ ಬಂದಳು.

"ಹೊರಗಿಡಪ್ಪ. ಠಾಣೆ ಸುಟ್ಟುಬಿಟ್ಟೀಯ."

ದೂರು ಇಷ್ಟು: ಮೋಟಾರು ನಡುನೀರಿನಲ್ಲಿ ಕೈಕೊಡುವುದು ಇದು ಮೂರನೇ ಸಲ. ಪಕ್ಕದ ದೋಣಿಯ ಗುಂಗುರು ಕೂದಲಿನವನು, ಊರವರ ಬಾಯಲ್ಲಿ ಗುಂಗುರ, ಪೆಟ್ರೋಲಿಗೆ ನೀರು ಬೆರೆಸುತ್ತಿದ್ದಾನೆ. ಗುರುವಾರದಿಂದ ದೀಪಸ್ತಂಭದ ದ್ವೀಪಕ್ಕೆ ಒಂಬತ್ತು ಜನ ಕೆಲಸಗಾರರನ್ನು ಒಯ್ಯುವ ಕೆಲಸ ದೋಣಿಯವನಿಗೆ ಸಿಕ್ಕಿತ್ತು. ಗುಂಗುರನ ಕಣ್ಣೂ ಅದರ ಮೇಲಿತ್ತು.

"ದ್ವೀಪಕ್ಕೆ ಹೋಗೋಕೆ ಹೊಳೆ ಸಮುದ್ರ ಸೇರೋ ಅಳಿವೆ ದಾಟಬೇಕು ಸರ್. ಅಲ್ಲಿ ಸೆಳೆತ ಜಾಸ್ತಿ. ಅಲ್ಲಿ ಮೋಟಾರು ನಿಂತ್ರೆ ಬಂಡೆಗೇ ಹೊಡೀತೀವಿ. ಹತ್ತು ಜನ ಹೋದಂಗೆ."

"ಈವರೆಗೆ ಎಲ್ಲಿ ನಿಂತಿದೆ?"

"ಅಳಿವೆಗೆ ಮುಂಚೆ. ನೀರು ಶಾಂತವಾಗಿರೋ ಜಾಗದಲ್ಲಿ."

"ಮೂರು ಸಲನೂ?"

"ಮೂರು ಸಲನೂ. ಲಂಗರು ಬಿಟ್ಟು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲು ಭರ್ತಿ ಇತ್ತು. ಆಮೇಲೆ ಎಳೆದ್ರೆ ಸ್ಟಾರ್ಟ್ ಆಯ್ತು. ಸ್ವಲ್ಪ ದೂರ ಬರೋಷ್ಟರಲ್ಲಿ ಮತ್ತೆ ನಿಂತಿತು."

ಎಫ್‌ಐಆರ್ ಪುರಾವೆ ಇಲ್ಲದ್ದರಿಂದ ಅಪರಿಚಿತರ ಮೇಲೆ ದಾಖಲಾಯಿತು. ಟ್ಯಾಂಕನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಇನ್‌ಸ್ಪೆಕ್ಟರಿಗೆ ಈಜು ಬರುತ್ತಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಠಾಣೆಗೆಲ್ಲ ಗೊತ್ತಿತ್ತು. ಆದರೆ ಸರಿಯಾದ ಜಾಗ ನೋಡಿಕೊಂಡು ನಿಲ್ಲುವ ಮೋಟಾರು ಅವರ ತಲೆಗೆ ಹುಳ ಬಿಟ್ಟಿತ್ತು.

ಮೊದಲು ಪೆಟ್ರೋಲು. ಹೆಡ್ ಕಾನ್‌ಸ್ಟೇಬಲ್ ಗಾಜಿನ ಬಾಟಲಿಯಲ್ಲಿ ಒಂದಿಷ್ಟು ತೆಗೆದು ಕಿಟಕಿಯಲ್ಲಿಟ್ಟಳು. ನೀರಿದ್ದರೆ ತಳಕ್ಕೆ ಇಳಿಯಬೇಕು. ಮಧ್ಯಾಹ್ನದವರೆಗೂ ಒಂದು ಹನಿ ಇಳಿಯಲಿಲ್ಲ.

ಗುಂಗುರನನ್ನು ಕರೆಸಿದರು. ಅವನು ಕುರ್ಚಿಯ ತುದಿಯಲ್ಲಿ ಕೂತ.

"ಅವನ ಮೇಲೆ ಹೊಟ್ಟೆಕಿಚ್ಚು ಇದೆಯಾ?"

"ಇದೆ ಸರ್. ಸುಳ್ಳು ಯಾಕೆ ಹೇಳಲಿ? ಆದ್ರೆ ಮಾಡೋನು ನಾನಾಗಿದ್ರೆ ಮೋಟಾರನ್ನೇ ಕೆಡಿಸ್ತಿದ್ದೆ. ರಿಪೇರಿಗೆ ಹೋದ ಮರುದಿನವೇ ಅದು ಚೆನ್ನಾಗಿ ಓಡುತ್ತಲ್ಲ, ಅಂಥ ಕಿತಾಪತಿ ಯಾಕೆ ಮಾಡಲಿ?"

ಮಾತಿನಲ್ಲಿ ಹುರುಳಿತ್ತು. ರಿಪೇರಿ ಮಾಡುತ್ತಿದ್ದವನು ದೋಣಿಯವನ ಅಕ್ಕನ ಗಂಡ. ರಾತ್ರಿ ಮೋಟಾರು, ಟ್ಯಾಂಕು ಎರಡೂ ಅವನ ಶೆಡ್ಡಿನಲ್ಲೇ ಇರುತ್ತಿದ್ದವು. ಇನ್‌ಸ್ಪೆಕ್ಟರ್ ಅಲ್ಲಿಗೆ ಹೋದರು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಉಜ್ಜುತ್ತಾ ಕೂತಿದ್ದ. ಮಾತಿನಲ್ಲಿ ಮಿತ, ಕಸುಬಿನ ವಿಷಯದಲ್ಲಿ ಧಾರಾಳಿ. ಫಿಲ್ಟರು ಕಟ್ಟಿಕೊಳ್ಳಬಹುದು, ಪೈಪು ಸೀಳಿರಬಹುದು, ಪಂಪು ಸೋತಿರಬಹುದು ಎಂದು ಒಂದೊಂದನ್ನೂ ಬಿಚ್ಚಿ ತೋರಿಸಿದ. ಎಲ್ಲವೂ ಸರಿಯಾಗಿದ್ದವು.

"ಟ್ಯಾಂಕು ಎಲ್ಲಿದೆ ಸರ್?" ಎಂದ ಕೊನೆಗೆ. "ಕೊಡಿ, ತೊಳೆದು ಕೊಡ್ತೀನಿ."

"ಅದು ಸಾಕ್ಷಿ."

"ಮುಚ್ಚಳ ಆದ್ರೂ ಕೊಡಿ."

ಇನ್‌ಸ್ಪೆಕ್ಟರ್ ಎದ್ದು ಬಂದರು. ಇಡೀ ಟ್ಯಾಂಕು ಬಿಟ್ಟು ಮುಚ್ಚಳ ಯಾಕೆ ಬೇಕು?

ಠಾಣೆಗೆ ಬಂದಾಗ ಹೆಡ್ ಕಾನ್‌ಸ್ಟೇಬಲ್ ಕಿರುಗುಟ್ಟುವ ಜೀಪಿನ ಬಾಗಿಲಿಗೆ ಎಣ್ಣೆ ಬಿಡಲು ಹೊಸ ಡಬ್ಬಿಗೆ ಮೊಳೆ ಹೊಡೆಯುತ್ತಿದ್ದಳು. ಒಂದು ತೂತು ಹೊಡೆದಳು, ಎಣ್ಣೆ ತೊಟ್ಟಿಕ್ಕಿ ನಿಂತಿತು. ಎದುರಿಗೆ ಇನ್ನೊಂದು ಹೊಡೆದಳು, ಸರಾಗವಾಗಿ ಬಂತು.

"ಎರಡನೇದು ಯಾಕಮ್ಮ?"

"ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರಲ್ಲ ಸರ್. ಮನೇಲಿ ಅಡುಗೆ ಮಾಡಿ ಗೊತ್ತಿಲ್ವಾ?"

ಇನ್‌ಸ್ಪೆಕ್ಟರ್ ನೇರವಾಗಿ ಟ್ಯಾಂಕಿನ ಬಳಿ ಹೋದರು. ಮುಚ್ಚಳದ ಮೇಲೆ ಗಾಳಿಗೆಂದು ಒಂದು ಪುಟ್ಟ ತಿರುಪಿತ್ತು. ತೆರೆದೇ ಇತ್ತು. ಬಾಯಿಟ್ಟು ಊದಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ದಾಟಲಿಲ್ಲ. ಪಂಚರ ಎದುರು ಮುಚ್ಚಳ ತಿರುಗಿಸಿ ನೋಡಿದರೆ, ಒಳಗಿನ ತೂತಿಗೆ ಬಿಳಿಯದೇನೋ ಒತ್ತಿ ಸವರಿತ್ತು. ಉಗುರಿನಲ್ಲಿ ಕೆರೆದು ಒದ್ದೆ ಬೆರಳಲ್ಲಿ ಉಜ್ಜಿದರೆ ನೊರೆ ಬಂತು. ಬಟ್ಟೆ ಸೋಪು.

ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಜೀವರಕ್ಷಕ ಜಾಕೆಟ್ಟು ಎರಡೆರಡು ಸಲ ಬಿಗಿದುಕೊಂಡು ದೋಣಿ ಹತ್ತಿದರು. ಅದೇ ಟ್ಯಾಂಕು ಜೋಡಿಸಿದ್ದರು, ಮುಚ್ಚಳದಲ್ಲಿ ಉಳಿದ ಸೋಪು ಹಾಗೇ ಇತ್ತು. ಅಳಿವೆಗೆ ಮುಂಚೆಯೇ ಮೋಟಾರು ಕೆಮ್ಮಿ ನಿಂತಿತು. ಪೆಟ್ರೋಲು ಎಳೆಯುವ ಪೈಪಿನ ರಬ್ಬರ್ ಗುಂಡು ಒಳಗೆಳೆದುಕೊಂಡು ಚಪ್ಪಟೆಯಾಗಿತ್ತು. ಮುಚ್ಚಳ ಸಡಿಲಿಸಿದಾಗ ಟ್ಯಾಂಕು ಉಸ್ಸೆಂದಿತು, ಗುಂಡು ಮತ್ತೆ ಉಬ್ಬಿತು, ಮೋಟಾರು ಓಡಿತು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವೆಂದು, ಸೋರುವ ಟ್ಯಾಂಕಿಗೆ ಅದನ್ನೇ ಮೆತ್ತುತ್ತಾರೆಂದು ದೋಣಿಯವನೇ ಹೇಳಿದ.

"ಯಾರು ಮೆತ್ತೋದು?"

ಅವನು ದೋಣಿಯನ್ನು ಭಾವನ ಶೆಡ್ಡಿನ ಕಡೆ ತಿರುಗಿಸಿದ.

ಮೆಕ್ಯಾನಿಕ್ ವಾದಿಸಲಿಲ್ಲ. "ನಾನೇ ಸರ್" ಎಂದ. "ಟ್ಯಾಂಕು ತುಂಬಿದ್ರೆ ಒಳಗೆ ಗಾಳಿ ಕಮ್ಮಿ, ಅಳಿವೆಗೆ ಮುಂಚೆಯೇ ನಿಲ್ಲುತ್ತೆ. ನಾಲ್ಕು ಸಲ ಓಡಿಸಿ ನೋಡಿದೀನಿ. ಕಾರಣ ಹೊಟ್ಟೆಕಿಚ್ಚು ಅಂತ ಬರ್ಕೊಳ್ಳಿ."

"ಹೊಟ್ಟೆಕಿಚ್ಚು ಪಡೋನು ಇಷ್ಟು ಜೋಪಾನ ಮಾಡಲ್ಲ. ನಿಜ ಹೇಳು."

"ಅದನ್ನೇ ಬರ್ಕೊಳ್ಳಿ ಸರ್."

ಬಂಧಿಸಿ ಠಾಣೆಗೆ ತಂದರು. ಸಂಜೆ ನಾಲ್ಕಕ್ಕೆ ದೋಣಿಯವನು ಬಂದ. ಹೆಡ್ ಕಾನ್‌ಸ್ಟೇಬಲ್ ಸಮಾಧಾನವಾಗಲೆಂದು ಕೈಗೆ ಚಹಾ ಕೊಟ್ಟಳು. ಸಮಾಧಾನವೇನೂ ಆಗಲಿಲ್ಲ.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು ಭಾವ? ಅಕ್ಕನ ಮುಖ ನೋಡಿ ನಾನು ಇಷ್ಟು ದಿನ..."

ಮಾತು ನಿಂತಿತು. ಕಣ್ಣು ತೆರೆದೇ ಇತ್ತು, ನೋಟ ಎಲ್ಲೂ ಇರಲಿಲ್ಲ. ತುಟಿ ಸುಮ್ಮನೆ ಅಲುಗುತ್ತಿತ್ತು. ಕೈಯ ಗ್ಲಾಸು ವಾಲಿ ಬಿಸಿ ಚಹಾ ಅವನ ಪಾದದ ಮೇಲೇ ಸುರಿಯಿತು, ಅವನು ಕಾಲು ಕದಲಿಸಲಿಲ್ಲ. ಮೆಕ್ಯಾನಿಕ್ ಬೇಡಿಯ ಕೈಯಲ್ಲೇ ಎದ್ದು ಬಂದು ಅವನ ಮೊಣಕೈ ಹಿಡಿದು ನಿಂತ. ಪೇದೆಯೊಬ್ಬ ಅವನನ್ನು ತಡೆಯಲು ಮುಂದೆ ಬಂದ. ಇನ್‌ಸ್ಪೆಕ್ಟರ್ ಬೇಡವೆಂದು ಕೈ ಅಡ್ಡ ಹಿಡಿದರು. ಇದೇ ಹೊತ್ತಿಗೆ ಈ ಮನುಷ್ಯ ಅಳಿವೆಯಲ್ಲಿ ಚುಕ್ಕಾಣಿ ಹಿಡಿದಿದ್ದರೆ?

"...ಇಷ್ಟು ದಿನ ನಿಮ್ಮನ್ನ ಅಣ್ಣನ ಹಾಗೆ ನೋಡಿದೆ" ಎಂದು ದೋಣಿಯವನು ಮುಂದುವರಿಸಿದ. ಆಮೇಲೆ ಸುತ್ತ ನೋಡಿದ. "ಎಲ್ಲರೂ ಯಾಕೆ ಹೀಗೆ ನೋಡ್ತಿದೀರಿ?"

"ಏನಿಲ್ಲ" ಎಂದ ಮೆಕ್ಯಾನಿಕ್. "ಬೈಯಿ, ಮುಂದೆ ಬೈಯಿ."

ದೋಣಿಯವನು ಖಾಲಿ ಗ್ಲಾಸು ನೋಡಿದ, ಕೆಂಪಗಾದ ಪಾದ ನೋಡಿದ.

"ಎಷ್ಟು ದಿನದಿಂದ ಗೊತ್ತು ಭಾವ?"

"ಎರಡು ತಿಂಗಳು. ಹೀಗೆ ಎಚ್ಚರ ತಪ್ಪುತ್ತೆ, ಡಾಕ್ಟರ ಹತ್ರ ಹೋಗು ಅಂದೆ, ನೀನು ನಕ್ಕೆ. ಬಂದರು ಕಚೇರಿಗೆ ಹೇಳಿದ್ರೆ ನಿನ್ನ ಲೈಸೆನ್ಸು ಹೋಗುತ್ತೆ. ಹೇಳದಿದ್ರೆ ನೀನೇ ಹೋಗ್ತೀಯ. ನಿಮ್ಮಕ್ಕನಿಗೆ ಏನು ಉತ್ತರ ಕೊಡಲಿ?"

ದೋಣಿಯವನು ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕುಸಿದು ಕೂತ.

ಇನ್‌ಸ್ಪೆಕ್ಟರ್ ಬಂದರಿನ ಕಚೇರಿಗೆ ಫೋನ್ ಮಾಡಿ ಗುರುವಾರಕ್ಕೆ ಬೇರೆ ದೋಣಿ ನೋಡಿಕೊಳ್ಳಲು ಹೇಳಿದರು. ಪ್ರಯಾಣಿಕರನ್ನು ಒಯ್ಯುವ ದೋಣಿಯ ಮೋಟಾರು ಕೆಡಿಸಿದ್ದು ಅಪರಾಧವೇ, ಅದಕ್ಕೆ ಬಂಧನ ರದ್ದಾಗಲಿಲ್ಲ. ಕಾರಣದ ಜಾಗದಲ್ಲಿ ಮಾತ್ರ ಅವರು ಹೊಟ್ಟೆಕಿಚ್ಚು ಎಂದು ಬರೆಯಲಿಲ್ಲ. ಆರೋಪಿಯು ತನ್ನ ಭಾಮೈದನ ಜೀವ ಉಳಿಸುವ ಉದ್ದೇಶದಿಂದ, ಎಂದು ಬರೆದು ಸಹಿ ಹಾಕಿದರು.