ಇವರು ನಿಮಗೇನಾಗಬೇಕು?

"ಏಯ್... ಕೈ ತಗೀರಿ! ಎಣ್ಣಿ!"

ಕಂಡಕ್ಟರ್ ಅಮೃತಾ ಕಿರುಚಿದಾಗ ಬಸ್ಸು ಆಗಷ್ಟೇ ತಳಕಲ್ ಬಿಟ್ಟಿತ್ತು. ಬ್ರೇಕಿಗೆ ತೂರಾಡಿದವನ ಎಣ್ಣೆ ಮೆತ್ತಿದ ಕರಿ ಕೈ ಅವಳ ಖಾಕಿ ತೋಳಿನ ಮೇಲೆ ಐದೂ ಬೆರಳು ಒತ್ತಿಬಿಟ್ಟಿತ್ತು.

"ತಪ್ಪಾತ್ರಿ ಮೇಡಂ..." ಕಾಲ ಬಳಿ ಸುಟ್ಟ ಪಂಪ್‌ಸೆಟ್ ಮೋಟಾರು ಇಟ್ಟುಕೊಂಡಿದ್ದ ಗವಿಸಿದ್ದೇಶ ಮುಖ ಸಣ್ಣದು ಮಾಡಿದ. ಯಲಬುರ್ಗಾದಲ್ಲಿ ಅವನದು ಮೋಟಾರು ರಿಪೇರಿ ಅಂಗಡಿ.

"ತಪ್ಪಾತು ಅಂದ್ರ ಕಲೆ ಹೋಗ್ತೈತೇನು?"

ಹೋಗಲಿಲ್ಲ. ಅದೇ ಹೊತ್ತಿಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಗೋದಾಮು ಹೊತ್ತಿ ಉರಿಯಿತು. ಹಿಂದೊಮ್ಮೆ ಮಾಲೀಕನ ಜೊತೆ ಜಗಳವಾಡಿದ್ದ ಗವಿಸಿದ್ದೇಶನ ಮೇಲೆ ಕೇಸು ಬಿತ್ತು. ಆ ಹೊತ್ತಿಗೆ ಅವನು ತನ್ನ ಬಸ್ಸಿನಲ್ಲಿದ್ದ ಎಂದು ಕೋರ್ಟಿನಲ್ಲಿ ಹೇಳಿದವಳು ಅಮೃತಾ ಒಬ್ಬಳೇ.

"ಇವರು ನಿಮಗೇನಾಗಬೇಕು?" ಸರ್ಕಾರಿ ವಕೀಲರು ಕೇಳಿದ್ದರು.

"ಏನೂ ಆಗಬೇಕಿಲ್ರಿ. ನನ್ನ ಅಂಗಿ ಹೊಲಸ ಮಾಡಿದವ್ರು, ಅಷ್ಟ!"

ಕೋರ್ಟೇ ನಕ್ಕಿತ್ತು. ಅವನಿಗೆ ಬಿಡುಗಡೆಯಾಯಿತು.

ಆಮೇಲೆ ಅವನಿಗೆ ದಿನಾ ಅದೇ ಬಸ್ಸು ಹತ್ತುವಂಥ ಕೆಲಸ ಹುಟ್ಟಿಕೊಂಡಿತು ಅನ್ನಿ! ವರ್ಷ ತುಂಬುವುದರೊಳಗೆ ನಿಶ್ಚಿತಾರ್ಥವೂ ಆಯಿತು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ... ಮದುವೆಗೆ ಹದಿನೈದು ದಿನ ಇರುವಾಗ ಗಿರಣಿ ಮಾಲೀಕನ ಮೇಲ್ಮನವಿಗೆ ಮೇಲಿನ ಕೋರ್ಟಿನ ಆದೇಶ ಬಂತು. ಮುಖ್ಯ ಸಾಕ್ಷಿಗಳನ್ನು ಕೇಳದೆಯೇ ಕೆಳಗಿನ ಕೋರ್ಟಿನಲ್ಲಿ ತೀರ್ಪು ಕೊಟ್ಟಿದ್ದಾರೆ. ಬಿಡುಗಡೆ ರದ್ದು. ವಿಚಾರಣೆ ಮೊದಲಿನಿಂದ ನಡೆಯಲಿ!

"ಒಂದ ತಪ್ಪಿಗೆ ಎರಡು ಸಲ ಕೋರ್ಟಿಗೆ ಎಳೀಬಾರ್ದಂತಲ್ರಿ?" ಅಮೃತಾ ಕೇಳಿದಳು.

ಅವನ ವಕೀಲ ಕುಬೇರಪ್ಪ ಕನ್ನಡಕ ತೆಗೆದರು. "ಖರೆ ಐತವ್ವಾ. ಆದ್ರ ಬಿಡುಗಡಿ ನಿಂತಿದ್ರ ಅಷ್ಟ ಆ ರಕ್ಷಣಿ. ಮೊದಲಿನ ವಿಚಾರಣಿನ ನೆಟ್ಟಗಾಗಿಲ್ಲ ಅಂತ ರದ್ದು ಮಾಡ್ಯಾರ. ಅದು ಇನ್ನೂ ಮುಗದಿಲ್ಲ ಅಂತ ಲೆಕ್ಕ. ನೀನೂ ಮತ್ತ ಸಾಕ್ಷಿ ಹೇಳಬೇಕು."

ಮರುದಿನವೇ ಗವಿಸಿದ್ದೇಶ ಹೇಳಿ ಕಳಿಸಿದ, ಮದುವೆ ಬೇಡ ಎಂದು. ಫೋನ್ ಎತ್ತಲಿಲ್ಲ. ಬಸ್ಸು ಹತ್ತಲಿಲ್ಲ.

ಎಂಟು ತಿಂಗಳು! ಅದೇ ರೂಟು, ಅದೇ ಸ್ಟಾಪು... ತಳಕಲ್ ಬಂದರೆ ಸಾಕು, ಅವಳ ಕಣ್ಣು ಅಂಗಿಯ ತೋಳಿನ ಮೇಲೆ ಹೋಗುತ್ತಿತ್ತು. ಅವನನ್ನು ಮರೆಯಲೂ ಆಗದು, ಹೋಗಿ ಕೇಳಲೂ ಆಗದು. 'ನನ್ನ ಸಾಕ್ಷಿ ನಡಿಯೋತನ ಅಷ್ಟ ಪ್ರೀತಿ ಇತ್ತೇನು?'

ಸಾಕ್ಷಿಯ ದಿನ ಗಂಗಾವತಿ ಕೋರ್ಟಿನ ಮೆಟ್ಟಿಲ ಮೇಲೆ ಅದನ್ನೇ ಕುಬೇರಪ್ಪನವರ ಮುಂದೆ ಅಂದುಬಿಟ್ಟಳು.

"ಹುಚ್ಚಿ! ಹೆಂಡ್ತಿ ಆಗಾಕಿ ಸಾಕ್ಷಿ ಯಾರು ನಂಬ್ತಾರ? ನೀ 'ಏನೂ ಆಗಬೇಕಿಲ್ಲ' ಅಂದ್ರ ಅದು ಸುಳ್ಳಾಗಬಾರ್ದು, ನಿನಗ ಸುಳ್ಳಿನ ಪಾಪ ಬರಬಾರ್ದು ಅಂತ ಅವ ತಾನ ಮದುವಿ ಮುರಕೊಂಡಾನ."

ಅಮೃತಾಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಒಳಗಿಂದ ಅವಳ ಹೆಸರು ಕೂಗಿದರು.

"ಇವರು ನಿಮಗೇನಾಗಬೇಕು?"

ಸರ್ಕಾರಿ ವಕೀಲರ ಅದೇ ಪ್ರಶ್ನೆ! ಅವಳು ಕಟಕಟೆಯ ಕಂಬಿ ಹಿಡಿದಳು. ಏನೂ ಇಲ್ಲ ಅಂದರೆ ಅವನು ಉಳಿದಾನು. ಖರೆ ಹೇಳಿದರೆ...? ಎದುರಿಗೆ ನಿಂತಿದ್ದ ಗವಿಸಿದ್ದೇಶ ಬೇಡವೆಂದು ತಲೆಯಾಡಿಸಿದ.

"ಅವತ್ತು ಬಸ್ಸಿನ್ಯಾಗ ಏನೂ ಆಗಬೇಕಿರಲಿಲ್ರಿ. ಈಗ ನನ್ನ ಗಂಡ ಆಗಬೇಕು. ಅವ್ರು ಬ್ಯಾಡ ಅಂದಾರ, ನಾ ಅಂದಿಲ್ಲ. ಇಲ್ಲಿ ಸುಳ್ಳು ಹೇಳಿದ್ರ, ಅವ್ರು ನನ್ನ ಬಸ್ಸಿನ್ಯಾಗಿದ್ರು ಅನ್ನೋ ಖರೇನ ನೀವು ಹೆಂಗ ನಂಬ್ತೀರಿ?"

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಒಮ್ಮೆ ಅವಳನ್ನೇ ನೋಡಿ, ಹೇಳಿದ್ದನ್ನು ಹಾಗೆಯೇ ಬರೆಸಿದರು. ತೀರ್ಪು ಇನ್ನೂ ದೂರವಿತ್ತು. ಮುಂದಿನ ತಾರೀಖು ಕೊಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಅವನು ನಿಂತಿದ್ದ. ಬೆಳಿಗ್ಗೆ ಅಂಗಡಿಯಿಂದಲೇ ಓಡಿ ಬಂದಿದ್ದ.

"ನನ್ನ ಜೇಲಿಗೆ ಕಳಿಸ್ತೀಯೇನ?" ಅಂದ.

"ಕಾಯ್ತೀನಿ."

"ವಿಚಾರಣಿ ಮತ್ತ ಮೊದಲಿಂದ ಶುರು ಮಾಡಿದ್ರ?"

"ಎಷ್ಟು ಸಲ ಕೇಳಿದ್ರೂ ನನ್ನ ಉತ್ತರ ಇದ..."

ಅವಳು ಕೈ ಚಾಚಿದಳು. ಅವನು ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡ.

"ಎಣ್ಣಿ ಐತಿ, ಅಮೃತಾ..."

"ಇರಲಿ. ಹಿಡೀರಿ."