ಎನಿಡ್ ಬಾಗಿಲಿನ ಹಸಿರು ಬಿಲ್ಲೆ

ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಥಾರ್ನ್‌ಬೆಕ್ ಠಾಣೆಗೆ ಜ್ಯಾನಿಸ್ ಬಿಕರ್‌ಸ್ಟಾಫ್ ಎಂಬಾಕೆ ಬಂದು ದೂರು ಕೊಟ್ಟಳು. ನಗರಸಭೆಯವರು ವಯಸ್ಸಾದವರಿಗೆಂದು ಕಟ್ಟಿಸಿದ ಲಾರ್ಚ್ ಕೋರ್ಟ್ ವಸತಿಗೆ ಆಕೆ ಮೇಲ್ವಿಚಾರಕಿ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಮನೆ. ಅಡುಗೆ, ಬೀಗ, ಸಂಸಾರ ಎಲ್ಲ ಅವರದೇ. ಕೈಲಾಗದ ಕೆಲಸಕ್ಕೆ ಮಾತ್ರ ಆರೈಕೆಯವರು ಬಂದು ಹೋಗುತ್ತಾರೆ.

ಹಿಂದಿನ ದಿನ ಸಂಜೆ, ಅಲ್ಲಿನ ನಿವಾಸಿ ಎನಿಡ್ ಹ್ಯಾಲ್‌ಸಾಲ್ ಎಂಬ ಎಂಬತ್ತು ದಾಟಿದ ಅಜ್ಜಿ ಬಚ್ಚಲಲ್ಲಿ ಸೊಂಟ ಮುರಿದುಕೊಂಡು ಬಿದ್ದದ್ದು ಪತ್ತೆಯಾಗಿತ್ತು. ಬಿದ್ದದ್ದು ಬೆಳಿಗ್ಗೆ, ಹಾಸಿಗೆಯಿಂದ ಎದ್ದು ಬಂದ ಕೂಡಲೇ. ಬಚ್ಚಲಲ್ಲಿ ಇಳಿಬಿಟ್ಟ ಕೆಂಪು ದಾರ ಎಳೆದರೆ ಸಹಾಯ ಕೇಂದ್ರಕ್ಕೆ ಕರೆ ಹೋಗಬೇಕು. ಎನಿಡ್ ಎಳೆದಿದ್ದಳು, ಕೈ ಸೋಲುವವರೆಗೂ ಎಳೆದಿದ್ದಳು. ಕರೆ ಹೋಗಲಿಲ್ಲ. ಒಳಗಿನ ತಂತಿಯನ್ನು ಯಾರೋ ಬಿಚ್ಚಿದ್ದರು.

ಇನ್ಸ್‌ಪೆಕ್ಟರ್ ಗ್ಲೆಂಡಾ ಓರ್ಮರಾಡ್ ದೂರು ದಾಖಲಿಸಿಕೊಂಡು, ಕಾನ್ಸ್‌ಟೇಬಲ್ ಪಿಲಿಂಗ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ ಮಹಜರು ಮಾಡಿದಳು. ದಾರದ ಡಬ್ಬಿಯ ತಿರುಪುಗಳನ್ನು ಒಪ್ಪವಾಗಿ ಮತ್ತೆ ಕೂರಿಸಲಾಗಿತ್ತು. ತಂತಿಯ ತುದಿಗೆ ಟೇಪು ಸುತ್ತಿತ್ತು. ಕೆಲಸ ಬಲ್ಲವರ ಕೈ ಇದು ಎಂದ ಪಿಲಿಂಗ್.

ಗ್ಲೆಂಡಾಗೆ ಇನ್ನೊಂದು ವಿಷಯ ತಲೆ ಕೊರೆಯತೊಡಗಿತು. ಲಾರ್ಚ್ ಕೋರ್ಟಿನ ಪ್ರತಿ ಬಾಗಿಲಿಗೂ ಹೊರಗಡೆ ಒಂದು ಬಿಲ್ಲೆ ಇದೆ, ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ರಾತ್ರಿ ಮಲಗುವಾಗ ಕೆಂಪು, ಬೆಳಿಗ್ಗೆ ಎದ್ದ ಮೇಲೆ ಹಸಿರು. ಹತ್ತು ಗಂಟೆಗೆ ಜ್ಯಾನಿಸ್ ಸುತ್ತು ಬರುವಾಗ ಕೆಂಪು ಉಳಿದಿದ್ದರೆ ಬಾಗಿಲು ತಟ್ಟುತ್ತಾಳೆ. ಮಂಗಳವಾರ ಎನಿಡ್ ಬಾಗಿಲಲ್ಲಿ ಹಸಿರು ಕಂಡಿತ್ತು. ಜ್ಯಾನಿಸ್ ತಟ್ಟದೆ ಮುಂದೆ ಹೋದಳು. ಒಳಗೆ ಬಚ್ಚಲಿನ ತಣ್ಣನೆ ನೆಲದ ಮೇಲೆ ಬಿದ್ದವಳು ಹೊರಗೆ ಬಂದು ಬಿಲ್ಲೆ ತಿರುಗಿಸಲು ಸಾಧ್ಯವೇ?

ಸಾಮೂಹಿಕ ಕೋಣೆಯಲ್ಲಿ ಬಿಂಗೊ ಆಟ ನಿಂತಿತ್ತು, ಚಹಾ ನಿಂತಿರಲಿಲ್ಲ. ವಯಸ್ಸಾದವರು ಪಾಪದವರು ಎನ್ನುವವರನ್ನು ಒಂದು ಮಧ್ಯಾಹ್ನ ಅಲ್ಲಿ ಕೂರಿಸಬೇಕು. ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಲೇ ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ಬೆರಳು ತೋರಿಸಿದರು. ಜ್ಯಾನಿಸ್‌ಗೆ ಎನಿಡ್ ಅಂದರೆ ಆಗುತ್ತಿರಲಿಲ್ಲ ಎಂದರು ಕೆಲವರು. ಕೊನೆಗೆ ಎಲ್ಲರ ಬೆರಳೂ ಬಂದು ನಿಂತದ್ದು ಆರೈಕೆಯ ರೂಡೋ ಮಟೊಂಡೊ ಮೇಲೆ. ಹೊರದೇಶದವಳು, ಬಂದು ವರ್ಷ ಆಗಿಲ್ಲ, ಸಂಜೆ ಪಾಳಿ. ಇಷ್ಟು ಸಾಕಾಯಿತು ಅವರಿಗೆ.

ರೂಡೋಳನ್ನು ಠಾಣೆಗೆ ಕರೆಸಿದರು.

"ಎನಿಡ್ ಮನೆ ಕೀ ನಿಮ್ಮ ಹತ್ರ ಇತ್ತಾ?"

"ಬಾಗಿಲ ಪಕ್ಕದ ಪೆಟ್ಟಿಗೇಲಿ ಇರತ್ತೆ ಮೇಡಂ. ನಂಬರ್ ಒತ್ತಿದ್ರೆ ತೆರೆಯತ್ತೆ."

"ನಂಬರ್ ಯಾರ್ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳಿ. ಅವ್ರು ಹುಟ್ಟಿದ ವರ್ಷಾನೇ ನಂಬರ್."

ಪಿಲಿಂಗ್ ನಗು ತಡೆದುಕೊಂಡ. ರೂಡೋ ನಗಲಿಲ್ಲ. ಅನುಮಾನ ಅಂಟಿದರೆ ಕೆಲಸವೂ ಹೋಗುತ್ತದೆ, ಈ ದೇಶದಲ್ಲಿ ಇರುವುದೂ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಂಗಳವಾರ ಬೆಳಿಗ್ಗೆ ಅವಳು ಊರಾಚೆ ಇನ್ನೊಬ್ಬರ ಮನೆಯಲ್ಲಿದ್ದದ್ದನ್ನು ಆ ಮನೆಯವರು ಖಚಿತಪಡಿಸಿದರು. ಬಿಲ್ಲೆ ತಿರುಗಿಸಿದವಳು ಅವಳಲ್ಲ.

ಗ್ಲೆಂಡಾ ಮತ್ತೆ ಜ್ಯಾನಿಸ್‌ಳನ್ನು ಕೂರಿಸಿಕೊಂಡಳು. ಕೆದಕಿ ಕೆದಕಿ ಕೇಳಿದ ಮೇಲೆ ಒಂದು ಮಾತು ಹೊರಬಿತ್ತು. ಕೆಂಪು ದಾರದ ಕರೆಗಳನ್ನೆಲ್ಲ ನಗರಸಭೆ ಲೆಕ್ಕ ಇಡುತ್ತದೆ. ಕರೆ ಜಾಸ್ತಿಯಾದರೆ, ಬಿಲ್ಲೆ ಮೇಲಿಂದ ಮೇಲೆ ಕೆಂಪೇ ಉಳಿದರೆ, ಇವರು ಒಂಟಿಯಾಗಿ ಇರಬಲ್ಲರೇ ಎಂದು ಸಭೆ ಕರೆಯುತ್ತಾರೆ. ಸಭೆಯಾದವರಲ್ಲಿ ಹೆಚ್ಚಿನವರು ಸ್ವಂತ ಮನೆ ಬಿಟ್ಟು ಹೋಗುವುದು ವೃದ್ಧರ ಶುಶ್ರೂಷಾಲಯಕ್ಕೆ, ಕಡೆಯವರೆಗೂ ಅಲ್ಲೇ. ಎನಿಡ್‌ಳ ಸಭೆಗೆ ದಿನ ಗೊತ್ತಾಗಿತ್ತು. ವಸತಿಯಲ್ಲಿ ಇದು ಎಲ್ಲರಿಗೂ ತಿಳಿದಿತ್ತು.

ಹಾಗಾದರೆ ತಂತಿ ಬಿಚ್ಚಿದವರು ಎನಿಡ್‌ಳ ವೈರಿಯೇ ಆಗಬೇಕೆಂದಿಲ್ಲ. ಈ ಯೋಚನೆ ಬಂದಾಗ ಗ್ಲೆಂಡಾಗೆ ಒಳ್ಳೆಯದೇನೂ ಅನಿಸಲಿಲ್ಲ. ಎನಿಡ್ ಬಾಗಿಲಿನ ಬಿಲ್ಲೆಯನ್ನು ರಾತ್ರಿಯೇ ಕೆಂಪಿಗೆ ತಿರುಗಿಸಿಟ್ಟು, ಮರುದಿನ ಬೆಳಿಗ್ಗೆ ಆ ಬಾಗಿಲಿರುವ ಪಡಸಾಲೆಯ ಕೊನೆಯಲ್ಲಿ, ಮಫ್ತಿಯಲ್ಲಿ, ಪೇಪರ್ ಹಿಡಿದು ಕೂರಲು ಪಿಲಿಂಗ್‌ಗೆ ಹೇಳಿದಳು.

ಗುರುವಾರ ಎಂಟಕ್ಕೆ ಪಕ್ಕದ ಮನೆಯ ವಿಲ್ಫ್ ಟ್ಯಾಟರ್ಸಾಲ್ ಹೊರಬಂದ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದ ವಿಧುರ. ತೋಟದ ಬೂಟು, ಕೈಯಲ್ಲಿ ಬೀಜದ ಆಲೂಗಡ್ಡೆ ಚೀಲ. ತನ್ನ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿದ. ಎರಡು ಹೆಜ್ಜೆ ಇಟ್ಟು, ಏನೂ ಯೋಚಿಸದೆ, ಎನಿಡ್ ಬಾಗಿಲಿನದ್ದನ್ನೂ ಹಸಿರಿಗೆ ತಿರುಗಿಸಿದ. ಎನಿಡ್ ಆಸ್ಪತ್ರೆಯಲ್ಲಿದ್ದಳು. ಕೈ ಬಿಲ್ಲೆಯ ಮೇಲೆ ಇರುವಾಗಲೇ ಅವನಿಗೆ ಅದು ನೆನಪಾಯಿತು. ಅಲ್ಲೇ ನಿಂತುಬಿಟ್ಟ.

ಪಿಲಿಂಗ್ ಪೇಪರ್ ಮಡಚಿಟ್ಟು ಎದ್ದ.

ವಿಲ್ಫ್ ಮನೆ ಶೋಧಿಸಿದಾಗ ತಂತಿಗೆ ಸುತ್ತಿದ್ದಂಥದೇ ಟೇಪು ಸಿಕ್ಕಿತು. ಠಾಣೆಯಲ್ಲಿ ವಿಲ್ಫ್ ವಕೀಲರು ಬರುವವರೆಗೂ ಕಾಯಲು ಒಪ್ಪಲಿಲ್ಲ. ಎನಿಡ್ ಬೆಳಿಗ್ಗೆ ತಡವಾಗಿ ಏಳುತ್ತಾಳೆ, ಕೆಂಪು ಕಂಡರೆ ಅದೂ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೇ ತಿಂಗಳುಗಳಿಂದ ತಾನೇ ತಿರುಗಿಸುತ್ತಿದ್ದೆ ಎಂದ. ಹೋದ ವಾರ ಅವಳು ತಲೆಗೂದಲು ಸೆಟ್ ಮಾಡಿಸಲು ಹೋಗಿದ್ದಾಗ ತಂತಿ ಬಿಚ್ಚಿದ್ದ. ಗೋಡೆಯಾಚೆ ತಾನೇ ಇದ್ದೇನಲ್ಲ, ಬಿದ್ದರೆ ಸದ್ದು ಕೇಳಿ ಓಡುತ್ತೇನೆ ಎಂಬುದು ಅವನ ಲೆಕ್ಕ. ಮಂಗಳವಾರ ಬಿಸಿಲು ಚೆನ್ನಾಗಿತ್ತು. ಎರಡೂ ಬಿಲ್ಲೆ ತಿರುಗಿಸಿ, ಅವಳು ಏಳುವ ಮುಂಚೆಯೇ ತೋಟಕ್ಕೆ ಹೋಗಿಬಿಟ್ಟಿದ್ದ, ಬಂದದ್ದು ಸಂಜೆ.

"ರೂಡೋ ಮೇಲೆ ಅನುಮಾನ ಬಂದಾಗ ಯಾಕೆ ಸುಮ್ನಿದ್ರಿ?"

ಹೆದರಿದೆ, ನಾಚಿಕೆಗೇಡು ಎಂದ ವಿಲ್ಫ್. ಅವಳಲ್ಲಿ ಕ್ಷಮೆ ಕೇಳಬೇಕು ಎಂದ.

"ತಂತಿ ಯಾಕೆ ಬಿಚ್ಚಿದ್ರಿ, ಅದನ್ನ ಹೇಳಿ."

"ನನ್ ಹೆಂಡ್ತಿ ಹಿಲ್ಡಾ ಬಿದ್ದಾಗೆಲ್ಲ ಆ ದಾರ ಎಳೆದೋನು ನಾನೇ ಕಣಮ್ಮ. ಎಳೀಬೇಕು ಅಂತ ಹೇಳಿದ್ರು, ಎಳೆದೆ. ಎಲ್ಲಾ ಲೆಕ್ಕ ಇಟ್ಕೊಂಡು ಅವಳನ್ನ ಕರ್ಕೊಂಡು ಹೋದ್ರು. ಮನೆಗೆ ಬರ್ತೀನಿ ಮನೆಗೆ ಬರ್ತೀನಿ ಅಂತಾನೇ ಸತ್ಲು. ಇನ್ನೊಬ್ಬಳಿಗೆ ಹಾಗಾಗೋದು ನೋಡಕ್ಕಾಗ್ಲಿಲ್ಲ."

ಎಚ್ಚರಿಕೆ ವ್ಯವಸ್ಥೆ ಕೆಡಿಸಿ ಪ್ರಾಣಕ್ಕೆ ಅಪಾಯ ತಂದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಗ್ಲೆಂಡಾ ತಾನೇ ಆಸ್ಪತ್ರೆಗೆ ಹೋಗಿ ಎನಿಡ್‌ಗೆ ತಿಳಿಸಿದಳು. ಅಜ್ಜಿ ಅಳುತ್ತಾಳೆ, ಇಲ್ಲವೇ ಅವನನ್ನು ಬಿಟ್ಟುಬಿಡಿ ಎನ್ನುತ್ತಾಳೆ ಎಂದುಕೊಂಡಿದ್ದಳು. ಎನಿಡ್‌ಗೆ ಕೆಂಡದಂಥ ಕೋಪ ಬಂತು.

"ನನ್ನ ಒಂದ್ ಮಾತು ಕೇಳಿದ್ನಾ ಅವ್ನು? ಕೇಳಿದ್ರೆ ಬೇಡ ಅಂತಿದ್ದೆ. ಸಭೇಲಿ ಕೂತು ಜಗಳ ಆಡೋಕೆ ಹೊಸ ಕೋಟು ಬೇರೆ ತಗೊಂಡಿದ್ದೆ. ಗೆಲ್ತಿದ್ದೆ ಕಣಮ್ಮ ನಾನು."

ಸಭೆಯನ್ನು ಮುಂದೂಡಿ ಎಂದು ಗ್ಲೆಂಡಾ ನಗರಸಭೆಗೆ ಫೋನ್ ಮಾಡಿ ಕೇಳಿದಳು. ಇನ್ನು ಚರ್ಚಿಸಲು ಏನಿದೆ, ಸೊಂಟವೇ ಮುರಿದಿದೆಯಲ್ಲ ಎಂದರು ಅತ್ತಲಿಂದ. ಮುಂದಿನ ವಾರ ಎನಿಡ್ ಇಲ್ಲದೆಯೇ ಸಭೆ ನಡೆಯಿತು. ಹೆಚ್ಚು ಹೊತ್ತು ಹಿಡಿಯಲಿಲ್ಲ.