ಲಾಂಜಿನ ಅರವತ್ತೊಂದು ಅತಿಥಿಗಳು

ಮಾರ್ಚ್ ಒಂಬತ್ತರಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಇಬ್ಬರು ಒಟ್ಟಿಗೆ ಬಂದರು. ಮುಂದಿದ್ದವರು ಒಬ್ಬ ಎಂಜಿನಿಯರ್, ಕೆಂಡಾಮಂಡಲವಾಗಿದ್ದರು. ಹಿಂದಿದ್ದವರು ಲಾಂಜಿನ ಮ್ಯಾನೇಜರ್, ಮುಖದಲ್ಲಿ ರಕ್ತವೇ ಇರಲಿಲ್ಲ.

ಎಂಜಿನಿಯರ್ ಒಂದು ವಿಮಾನದಿಂದಿಳಿದು ಇನ್ನೊಂದನ್ನು ಹತ್ತಬೇಕಿತ್ತು. ಎರಡನೆಯದು ಮೂರು ಗಂಟೆ ತಡವೆಂದು ತಿಳಿಯಿತು. ಅವರದು ಮೇಲ್ದರ್ಜೆಯ ಟಿಕೆಟ್, ಅಂಥವರಿಗೆ ಲಾಂಜಿನಲ್ಲಿ ಕಾಲು ಚಾಚಿ ಕಾಯುವ ಹಕ್ಕಿದೆ. ಉಳಿದವರು ಹನ್ನೆರಡು ಗಂಟೆ ಕಾಯಬೇಕಾದರೂ ಹೊರಗಿನ ಕಬ್ಬಿಣದ ಕುರ್ಚಿಯೇ ಗತಿ. ಎಂಜಿನಿಯರ್ ಲಾಂಜಿನ ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ಹಿಡಿದಾಗ ಯಂತ್ರ ಕೆಂಪು ದೀಪ ತೋರಿಸಿ, ಈ ಪ್ರಯಾಣಿಕರು ಆಗಲೇ ಒಳಗಿದ್ದಾರೆ ಎಂದಿತಂತೆ.

“ನಾನು ಒಳಗಿದ್ದೀನಂತೆ. ಹಾಗಾದ್ರೆ ಇಲ್ಲಿ ನಿಂತಿರೋದು ಯಾರು?” ಎಂದು ಅವರು ಕೇಳಿದರು.

ಇನ್‌ಸ್ಪೆಕ್ಟರ್ ಮೊದಲು ನಗು ತಡೆದುಕೊಂಡರು. ಮರುಕ್ಷಣವೇ ನೆಟ್ಟಗೆ ಕೂತರು. ಭದ್ರತಾ ತಪಾಸಣೆ ದಾಟಿದ ಜಾಗದಲ್ಲಿ ಒಬ್ಬರು ಇನ್ನೊಬ್ಬರ ಹೆಸರಿನಲ್ಲಿ ಓಡಾಡುವುದು ಹುಡುಗಾಟವಲ್ಲ. ನಿಲ್ದಾಣದ ನೌಕರರ ಕೈವಾಡವಿದ್ದರಂತೂ ಅವರ ಗುರುತಿನ ಪಾಸು ಜನ್ಮಪೂರ್ತಿ ರದ್ದು, ಯಾವ ನಿಲ್ದಾಣದಲ್ಲೂ ಮತ್ತೆ ಕೆಲಸವಿಲ್ಲ. 11.35ಕ್ಕೆ ಅಪರಾಧ ಸಂಖ್ಯೆ ಹದಿನಾಲ್ಕರಲ್ಲಿ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ತಮ್ಮ ಹೆಡ್ ಕಾನ್‌ಸ್ಟೇಬಲ್ ಜೊತೆ ಹೊರಟರು. ಆಕೆ ಮಾತು ಕಮ್ಮಿ, ಕಣ್ಣು ಚುರುಕು ಎಂದು ಠಾಣೆಯಲ್ಲೆಲ್ಲ ಹೆಸರಾದ ಹೆಂಗಸು.

ಆರು ವರ್ಷ ಇದೇ ನಿಲ್ದಾಣದಲ್ಲಿದ್ದರೂ ಇನ್‌ಸ್ಪೆಕ್ಟರ್ ಲಾಂಜಿನೊಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ಹಿಂದೆ ಮುಚ್ಚಿಕೊಂಡಿತು, ಹೊರಗಿನ ಗದ್ದಲ ಯಾರೋ ಕಿವಿಗೆ ಹತ್ತಿ ಇಟ್ಟಂತೆ ನಿಂತುಹೋಯಿತು. ನೆಲಹಾಸಿನಲ್ಲಿ ಬೂಟಿನ ಸದ್ದೇ ಕೇಳಲಿಲ್ಲ. ಸುರುಳಿ ಸುತ್ತಿದ ಬಿಸಿ ಟವೆಲ್ಲುಗಳು, ಸ್ನಾನದ ಕೋಣೆಗಳು, ಒರಗಿದರೆ ಹಾಸಿಗೆಯಾಗುವ ಕುರ್ಚಿಗಳ ಸಾಲು. ಎದುರಿಗೆ ಗೋಡೆಯಿರಬೇಕಾದ ಕಡೆಯೆಲ್ಲ ಗಾಜು, ಗಾಜಿನಾಚೆ ಅಷ್ಟು ದೊಡ್ಡ ವಿಮಾನವೊಂದು ಸದ್ದಿಲ್ಲದೆ ನೆಲ ಬಿಟ್ಟು ಏರುತ್ತಿತ್ತು. ದಿನಕ್ಕೆ ಮುನ್ನೂರು ಸಲ ಅದೇ ಸದ್ದಿಗೆ ಶಪಿಸುವ ಮನುಷ್ಯ ಈಗ ಕಣ್ಣು ಕಣ್ಣು ಬಿಡುತ್ತ ನಿಂತುಬಿಟ್ಟರು. ಹೆಡ್ ಕಾನ್‌ಸ್ಟೇಬಲ್ ಸಣ್ಣಗೆ ಕೆಮ್ಮಿದ ಮೇಲೆಯೇ ಅವರಿಗೆ ಪಂಚನಾಮೆಯ ನೆನಪಾದದ್ದು.

ಸ್ವಾಗತದ ಮೇಜಿನ ಹುಡುಗಿಯನ್ನು ಕೇಳಿದರು. “ಹಸಿರು ದೀಪ ಬಂದ್ರೆ ನಾವು ಮುಖ ನೋಡಲ್ಲ ಸರ್, ನಗ್ತೀವಿ ಅಷ್ಟೇ,” ಎಂದಳು ಆಕೆ.

ಯಂತ್ರದ ಲೆಕ್ಕದಂತೆ ಎಂಜಿನಿಯರ್ ಬೆಳಿಗ್ಗೆ 9.25ಕ್ಕೆ ಒಳಗೆ ಬಂದಿದ್ದರು. ಕ್ಯಾಮೆರಾದಲ್ಲಿ ನೋಡಿದರೆ ಆ ಹೊತ್ತಿಗೆ ಒಳಬಂದದ್ದು ಒಬ್ಬ ಅಜ್ಜಿ. ಅವರು ಇನ್ನೂ ಅಲ್ಲೇ, ಮೂವತ್ತೊಂದನೇ ಕುರ್ಚಿಯಲ್ಲಿ ಕಾಲು ಮೇಲೆ ಮಾಡಿಕೊಂಡು ಗಾಢ ನಿದ್ದೆಯಲ್ಲಿದ್ದರು. ಊದಿದ ಎರಡೂ ಪಾದಗಳಲ್ಲಿ ಚಪ್ಪಲಿಯ ಪಟ್ಟಿಯ ಗುರುತು ಕುಣಿಯಂತೆ ಬಿದ್ದಿತ್ತು. ಕೈಯಲ್ಲಿ ಎಂಜಿನಿಯರ್ ಹೆಸರಿನ ಬೋರ್ಡಿಂಗ್ ಪಾಸಿನ ಚೀಟಿ ಇತ್ತು. ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಭುಜ ಮುಟ್ಟಿ ಎಬ್ಬಿಸಿದಳು.

“ಈ ಚೀಟಿ ಯಾರು ಕೊಟ್ರಮ್ಮ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಒಬ್ಬ ಹೆಣ್ಣುಮಗಳು.”

“ನೋಡೋಕೆ ಹೇಗಿದ್ರು?”

“ಹೆಣ್ಣುಮಗಳ ಹಾಗೇ ಇದ್ಲು.”

“ದುಡ್ಡು ಕೇಳಿದ್ರಾ?”

“ಇಲ್ಲಪ್ಪ. ನನ್ನ ಕಾಲು ನೋಡಿದ್ಲು.”

ಕೊಟ್ಟವಳ ಬಗ್ಗೆ ಅಜ್ಜಿ ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಹದಿನಾಲ್ಕು ಗಂಟೆ ಕಾಯಬೇಕಾದ ಪ್ರಯಾಣ, ಯಾರು ಏನು ಕೊಟ್ಟರೋ ಓದಿಯೂ ನೋಡಲಿಲ್ಲ ಎಂದರು. ಆಮೇಲೆ, ತಾನು ಎದ್ದು ಹೊರಗೆ ಹೋಗಬೇಕಾ ಎಂದು ಕೇಳಿದರು. ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡು ಅಜ್ಜಿಯನ್ನು ಕೂತಲ್ಲೇ ಬಿಟ್ಟರು. ಎಂಜಿನಿಯರಿಗೂ ಒಂದು ಕುರ್ಚಿ ಕೊಡಿಸುವಂತೆ ಮ್ಯಾನೇಜರಿಗೆ ಹೇಳಿದರು. ಕುರ್ಚಿಗಳಿಗೇನೂ ಬರವಿರಲಿಲ್ಲ. 12.20ಕ್ಕೆ ಅಜ್ಜಿಯ ಕೈಯಲ್ಲಿದ್ದ ಚೀಟಿಯನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡರು.

ಚೀಟಿ ಎಲ್ಲಿಂದ ಬಂತೆಂಬುದು ಬೇಗ ತಿಳಿಯಿತು. ವಿಮಾನ ಬದಲಿಸುವವರಿಗಾಗಿ ಒಂದು ಕೌಂಟರ್ ಇದೆ. ಗೇಟು ಬದಲಾದಾಗ ಅಲ್ಲಿ ಹೊಸ ಬೋರ್ಡಿಂಗ್ ಪಾಸ್ ಮುದ್ರಿಸಿಕೊಡುತ್ತಾರೆ, ಜನ ಹಳೆಯದನ್ನು ಅಲ್ಲೇ ಕಸದ ಬುಟ್ಟಿಗೆ ಎಸೆದು ಹೋಗುತ್ತಾರೆ. ಎರಡರ ಮೇಲೂ ಇರುವ ಸಂಕೇತ ಒಂದೇ. ಲಾಂಜಿನ ಯಂತ್ರಕ್ಕೆ ಹಳತು ಹೊಸತು ಗೊತ್ತಾಗುವುದಿಲ್ಲ.

ಆದರೆ ತಮ್ಮ ವಿಮಾನ ಹೊರಟ ಮೇಲೂ ಒಳಗೇ ಇದ್ದಂತೆ ಯಂತ್ರದಲ್ಲಿ ಉಳಿದ ಹೆಸರುಗಳ ಪಟ್ಟಿಯನ್ನು ಮ್ಯಾನೇಜರ್ ತಂದಾಗ ಇನ್‌ಸ್ಪೆಕ್ಟರ್ ದಂಗಾದರು. ಮೂರು ತಿಂಗಳಲ್ಲಿ ಬಿಸಾಡಿದ ಚೀಟಿಯ ಮೇಲೆ ಒಳಬಂದವರು ಅರವತ್ತೊಂದು ಜನ. ಅರವತ್ತು ಸಲ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಕಾರಣ, ಪ್ರತಿ ಚೀಟಿಯ ನಿಜವಾದ ಒಡೆಯರಿಗೆ ಎರಡು ವಿಮಾನಗಳ ನಡುವೆ ಸಿಗುತ್ತಿದ್ದದ್ದು ಒಂದು ಗಂಟೆಗಿಂತ ಕಡಿಮೆ. ಅವರು ಲಾಂಜಿನ ಕಡೆ ತಲೆ ಹಾಕಲು ಸಾಧ್ಯವೇ ಇರಲಿಲ್ಲ. ಯಾರೋ ಕೂತು ಲೆಕ್ಕ ಹಾಕಿ ಆರಿಸಿದ್ದರು. ಇದು ಕಂಪ್ಯೂಟರ್ ವಿಭಾಗದ ಯಾವನೋ ದೊಡ್ಡ ತಲೆಯ ಕೆಲಸ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದರು. ಇನ್‌ಸ್ಪೆಕ್ಟರಿಗೂ ಹಾಗೇ ಅನಿಸಿತ್ತು.

ಕ್ಯಾಮೆರಾದಲ್ಲಿ ಎರಡು ವಾರದ ಚಿತ್ರ ಮಾತ್ರ ಉಳಿದಿತ್ತು. ಅದರಲ್ಲಿ ಒಂಬತ್ತು ಮಂದಿ ಸಿಕ್ಕರು. ತುಂಬು ಗರ್ಭಿಣಿ, ಕಾಲಿಗೆ ಪ್ಲಾಸ್ಟರ್ ಹಾಕಿದವನು, ಅವಳಿ ಕೂಸುಗಳನ್ನು ಎರಡು ಕಂಕುಳಲ್ಲಿ ಹೊತ್ತ ತಾಯಿ, ತಲೆಗೂದಲು ಉದುರಿದ ಒಬ್ಬ ಹುಡುಗಿ. ಒಬ್ಬರೂ ಗಟ್ಟಿಮುಟ್ಟಾಗಿರಲಿಲ್ಲ. ಒಳಗೆ ಬಂದವರೆಲ್ಲ ಬಾಗಿಲಲ್ಲಿ ಒಂದು ಗಳಿಗೆ ನಿಂತು ತಲೆಯೆತ್ತಿ ನೋಡುತ್ತಿದ್ದರು. ತಾವೂ ಬೆಳಿಗ್ಗೆ ಹಾಗೇ ನಿಂತಿದ್ದೆವೆಂದು ಇನ್‌ಸ್ಪೆಕ್ಟರಿಗೆ ನೆನಪಾಗಿ ನಾಚಿಕೆಯಾಯಿತು.

ಹೆಡ್ ಕಾನ್‌ಸ್ಟೇಬಲ್ ಅಷ್ಟು ಹೊತ್ತೂ ವಶಪಡಿಸಿಕೊಂಡ ಚೀಟಿಯನ್ನೇ ತಿರುಗಿಸಿ ನೋಡುತ್ತಿದ್ದಳು. ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಿಸಿ, ಒಂದು ಮೂಲೆಯನ್ನು ಒಳಕ್ಕೆ ತುರುಕಿದ್ದ ಗುರುತು ಹಾಗೇ ಇತ್ತು.

“ಸರ್, ಇದು ಒರೆಸೋ ಬಟ್ಟೆ ಮಡಿಸೋ ರೀತಿ,” ಎಂದಳು.

ನಿಲ್ದಾಣದ ಸ್ವಚ್ಛತಾ ಕೆಲಸದವರಿಗೆ ಮೊದಲ ದಿನವೇ ಅದನ್ನು ಕಲಿಸುತ್ತಾರೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮೈ ಸಿಗುತ್ತದೆ, ಒಂದೊಂದು ಮೈಯಲ್ಲಿ ಒಂದೊಂದು ಮೇಜು. ಎರಡು ಗಂಟೆಗೆ ಪಾಳಿ ಬದಲಾಗುವಾಗ ಹೆಡ್ ಕಾನ್‌ಸ್ಟೇಬಲ್ ಕೌಂಟರಿನ ಪಕ್ಕದ ಸಾಮಾನು ಕೋಣೆಯ ಬಾಗಿಲಲ್ಲಿ ನಿಂತಳು. ಹನ್ನೊಂದು ಜನರಿದ್ದರು. ಎಲ್ಲರೂ ಬಟ್ಟೆಯನ್ನು ನಾಲ್ಕು ಮಡಿಸಿ ಜೇಬಿಗಿಟ್ಟರು, ಹತ್ತು ಜನರದು ಜೇಬಿನಲ್ಲೇ ಬಿಚ್ಚಿಕೊಂಡಿತು. ಒಬ್ಬಾಕೆ ಮಾತ್ರ ಹೆಬ್ಬೆರಳಿನಿಂದ ಮೂಲೆಯನ್ನು ಒಳಕ್ಕೆ ತುರುಕಿ ಇಟ್ಟಳು. ಐವತ್ತರ ಆಸುಪಾಸಿನ ಹೆಂಗಸು, ಹತ್ತೊಂಬತ್ತು ವರ್ಷದ ಸೇವೆ, ಉಳಿದವರೆಲ್ಲ ಅಕ್ಕ ಎಂದು ಕರೆಯುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಆ ಕೈಯನ್ನೇ ನೋಡುತ್ತಿರುವುದು ಆ ಹೆಂಗಸಿಗೂ ಕಂಡಿತು.

“ಅಜ್ಜಿನ ಎಬ್ಬಿಸಿಬಿಟ್ರಾ?” ಎಂದು ಆಕೆ ಕೇಳಿದಳು.

ವಿಚಾರಣೆ 2.40ಕ್ಕೆ ಶುರುವಾಯಿತು. ಆಕೆ ಯಾವುದನ್ನೂ ಅಲ್ಲಗಳೆಯಲಿಲ್ಲ. ಆದರೆ ಅರವತ್ತೊಂದು ಚೀಟಿ ಆರಿಸಿದವಳು ಇವಳೇ ಎಂದು ನಂಬಲು ಇನ್‌ಸ್ಪೆಕ್ಟರಿಗೆ ಆಗಲಿಲ್ಲ. ಕೌಂಟರಿನ ಬುಟ್ಟಿಯಿಂದ ತರಿಸಿದ ಹತ್ತು ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಆಕೆ ಬೆರಳಿನಿಂದ ಮುಟ್ಟುತ್ತ ಹೋದಳು. ಇವರು ಇಪ್ಪತ್ತೆರಡನೇ ಗೇಟಿಗೆ ಹೋಗಬೇಕು, ನಡೆದರೆ ಹತ್ತೊಂಬತ್ತು ನಿಮಿಷ, ಓಡುತ್ತಾರೆ. ಇವರಿಗೆ ಎರಡು ಗಂಟೆಯಿದೆ, ಲಾಂಜಿಗೆ ಬಂದೇ ಬರುತ್ತಾರೆ, ಮುಟ್ಟಬಾರದು. ಈ ವಿಮಾನ ಗುರುವಾರ ಮಾತ್ರ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಹತ್ತಕ್ಕೆ ಹತ್ತೂ ವೇಳಾಪಟ್ಟಿಗೆ ತಾಳೆಯಾದವು. ಇನ್‌ಸ್ಪೆಕ್ಟರ್ ಮೂಗಿನ ಮೇಲೆ ಬೆರಳಿಟ್ಟರು. ಇಡೀ ನಿಲ್ದಾಣ, ಅದರ ಇಪ್ಪತ್ತೆಂಟು ಗೇಟುಗಳು, ಮುನ್ನೂರು ವಿಮಾನಗಳು ಎಲ್ಲವೂ ನೆಲ ಒರೆಸುವ ಈ ಹೆಂಗಸಿನ ತಲೆಯಲ್ಲಿದ್ದವು, ಹತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ.

“ಇವತ್ತು ಎಲ್ಲಿ ತಪ್ಪಿತು?”

“ಆ ಚೀಟಿಯವರಿಗೆ ಐವತ್ತು ನಿಮಿಷ ಇತ್ತು ಸರ್. ಹದಿನೆಂಟನೇ ಗೇಟು, ಬರೋ ಹಾಗಿರ್ಲಿಲ್ಲ. ವಿಮಾನ ತಡ ಅಂತ ಬೋರ್ಡಲ್ಲಿ ಬಂದಾಗ ಓಡಿಹೋಗಿ ನೋಡಿದೆ. ಅಜ್ಜಿಗೆ ಆಗಲೇ ನಿದ್ದೆ ಹತ್ತಿತ್ತು.”

“ಎಬ್ಬಿಸಿದ್ರೆ ನೀನು ಸಿಕ್ಕಿಬೀಳ್ತಿರ್ಲಿಲ್ಲ.”

“ಗೊತ್ತು ಸರ್. ಕೆಲಸ ಹೋಗತ್ತೆ ಅಂತಾನೂ ಗೊತ್ತಿತ್ತು. ಕೈ ಬರ್ಲಿಲ್ಲ.”

ಬಿಟ್ಟುಬಿಡೋಣವೇ ಎಂದು ಇನ್‌ಸ್ಪೆಕ್ಟರಿಗೆ ಒಮ್ಮೆ ಅನಿಸಿತು. ಬಿಡಲು ಬರುವಂತಿರಲಿಲ್ಲ. ಚೀಟಿ ಕೊಟ್ಟವಳು ಮರುಕದಿಂದಲೇ ಕೊಟ್ಟಿರಬಹುದು, ಅರವತ್ತೆರಡನೆಯವನು ಯಾರಾಗಿರುತ್ತಿದ್ದ ಎಂದು ಯಾರು ಹೇಳಬಲ್ಲರು? 4.15ಕ್ಕೆ ದಸ್ತಗಿರಿ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಆಕೆಯ ಕೊರಳಿನಿಂದ ಗುರುತಿನ ಪಾಸನ್ನು ತೆಗೆದಳು. ಹತ್ತೊಂಬತ್ತು ವರ್ಷದಿಂದ ಅದರ ಪಟ್ಟಿ ಇದ್ದ ಕಡೆ ಆಕೆಯ ಕೈ ಒಮ್ಮೆ ಹೋಗಿ ಬಂತು.

ಯಾಕೆ ಮಾಡಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದಳು. ಅದಕ್ಕೆ ಮುಂಚೆ ಒಮ್ಮೆ ಇವಳ ತಂಗಿಯ ಮನೆಗೆ ಹೊರಟಿದ್ದರು, ಅವರು ವಿಮಾನ ಹತ್ತಿದ್ದು ಅದೊಂದೇ ಸಲ. ವಿಮಾನ ಬದಲಿಸಲು ಇದೇ ನಿಲ್ದಾಣದಲ್ಲಿ ಒಂಬತ್ತು ಗಂಟೆ ಕಾಯಬೇಕಾಗಿತ್ತು. ಲಾಂಜಿನ ಬಾಗಿಲ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಸೊಂಟ ಹಿಡಿದುಕೊಂಡು ಕೂತಿದ್ದರು. ಇವಳು ಅವತ್ತು ಒಳಗೆ ಕೆಲಸಕ್ಕಿದ್ದಳು. ಊಟದ ಬಿಡುವಿನಲ್ಲಿ ಹೋಗಿ ಪಕ್ಕದಲ್ಲಿ ಕೂತಳು.

“ಒಳಗೆ ಹೇಗಿರತ್ತಮ್ಮ ಅಂತ ಕೇಳಿದ್ರು ಸರ್. ಏನಿಲ್ಲಪ್ಪ, ಹೊರಗಿನ ಹಾಗೇ ಕುರ್ಚಿ ಅಂದೆ. ನನ್ನ ಮಾತು ನಂಬಿಬಿಟ್ರು.”

ಇನ್‌ಸ್ಪೆಕ್ಟರ್ ಅದನ್ನು ಆಕೆಯ ಮಾತಿನಲ್ಲೇ ಬರೆದರು. ನಿಯಮದಂತೆ ಹೇಳಿಕೆಯನ್ನು ಓದಿ ಹೇಳತೊಡಗಿದರು. ಅರ್ಧದಲ್ಲಿ ಹಾಳೆಯನ್ನು ಪಕ್ಕಕ್ಕೆ ಚಾಚಿದರು, ಉಳಿದದ್ದನ್ನು ಹೆಡ್ ಕಾನ್‌ಸ್ಟೇಬಲ್ ಓದಿದಳು. ಆ ದಿನ ಲಾಂಜಿನಲ್ಲಿ ಸುಮಾರು ಮೂವತ್ತು ಕುರ್ಚಿಗಳು ಖಾಲಿ ಇದ್ದವು ಎಂಬ ಸಾಲು ಬಂದಾಗ ಆ ಹೆಂಗಸು ತಡೆದಳು.

“ಸುಮಾರು ಅಲ್ಲ ಸರ್,” ಎಂದಳು. “ಮೂವತ್ತೆಂಟು. ಅಪ್ಪ ಹೊರಗೆ ಕೂತಿದ್ದಾಗ ಒಂದೊಂದನ್ನೂ ನಾನೇ ಒರೆಸಿದ್ದೆ.”

ಇನ್‌ಸ್ಪೆಕ್ಟರ್ ಹಳೆಯ ಅಂಕಿಯನ್ನು ಹೊಡೆದು ಮೂವತ್ತೆಂಟು ಎಂದು ತಿದ್ದಿದರು. ತಿದ್ದುಪಡಿಯ ಪಕ್ಕದಲ್ಲಿ ಆಕೆ ಸಹಿ ಹಾಕಿದಳು.